ಇದು ರೋಮನ್ ನಾಣ್ಯ ಅಲ್ವಾ?

ಅಗಸ್ಟಾಲಿಸ್ ಎಂಬ ಚಿನ್ನದ ನಾಣ್ಯದ ಚಿತ್ರ ತೋರಿಸಿದಾಗಲೆಲ್ಲ ಇದೇ ಪ್ರಶ್ನೆ ಬರುತ್ತದೆ. ಹಾಗೆ ಅನ್ನಿಸುವುದು ಸಹಜ. ಪಕ್ಕಕ್ಕೆ ತಿರುಗಿದ ಮುಖ, ತಲೆಗೆ ಎಲೆಗಳ ಮಾಲೆ, ಹೆಗಲ ಮೇಲೆ ಹೊದಿಕೆ. ಹಿಂಬದಿಯಲ್ಲಿ ರೆಕ್ಕೆ ಬಿಚ್ಚಿದ ಹದ್ದು. ಆದರೆ ಇದು ಹಳೆ ರೋಮಿನದಲ್ಲ. ಮಧ್ಯಯುಗದ ಯುರೋಪಿನಲ್ಲಿ 'ಪವಿತ್ರ ರೋಮನ್ ಸಾಮ್ರಾಜ್ಯ'ದ ಚಕ್ರವರ್ತಿಯೂ ಸಿಸಿಲಿಯ ರಾಜನೂ ಆಗಿದ್ದ ಎರಡನೇ ಫ್ರೆಡರಿಕ್ 1231ರಲ್ಲಿ ಹೊರಡಿಸಲು ಶುರು ಮಾಡಿದ ನಾಣ್ಯ. ಟಂಕಸಾಲೆಗಳು ಇದ್ದದ್ದು ದಕ್ಷಿಣ ಇಟಲಿಯ ಬ್ರಿಂಡಿಸಿ ಮತ್ತು ಸಿಸಿಲಿಯ ಮೆಸ್ಸಿನಾದಲ್ಲಿ.

ಗುರುತು ಹಿಡಿಯಬೇಕಾದರೆ ಅಕ್ಷರ ನೋಡಿ. ಮುಖದ ಸುತ್ತ 'ರೋಮನ್ನರ ಚಕ್ರವರ್ತಿ, ಸೀಸರ್, ಅಗಸ್ಟಸ್' ಎಂದು ಲ್ಯಾಟಿನ್‌ನಲ್ಲಿ ಮೊಟಕು ಮಾಡಿ ಬರೆದಿದ್ದಾರೆ. ಹಳೆ ರೋಮಿನ ನಾಣ್ಯಗಳಲ್ಲಿ ಸೀಸರ್ ಹೆಸರು 'ಸಿ, ಎ, ಇ' ಎಂದು ಶುರುವಾಗುತ್ತದೆ. ಇಲ್ಲಿ ನಡುವಿನ 'ಎ' ಇಲ್ಲ. ಅದು ಮಧ್ಯಯುಗದವರ ಕಾಗುಣಿತ.

ನಾನು ಮತ್ತೆ ಮತ್ತೆ ನೋಡುವುದು ಇನ್ನೊಂದನ್ನು. ಮುಖದ ಪಕ್ಕ ಅವನ ಹೆಸರೇ ಇಲ್ಲ, ಬರೀ ಪದವಿಗಳು. 'ಫ್ರಿಡೆರಿಕಸ್' ಎಂಬ ಹೆಸರು ಹದ್ದಿನ ಸುತ್ತ ಇದೆ. ಮೊದಲು ಸೀಸರ್ ಕಾಣಬೇಕು, ತಿರುಗಿಸಿದಾಗ ಆ ಸೀಸರ್ ಯಾರು ಅಂತ ಗೊತ್ತಾಗಬೇಕು. ಸುಮ್ನೆ ಚೆಂದಕ್ಕೆ ಮಾಡಿದ್ದು ಅಂತ ನನಗೆ ಅನ್ನಿಸುವುದಿಲ್ಲ. ಅದೇ 1231ರಲ್ಲಿ ಅವನು ದಕ್ಷಿಣ ಇಟಲಿಯ ಮೆಲ್ಫಿಯಲ್ಲಿ ಸಿಸಿಲಿ ರಾಜ್ಯಕ್ಕೆ ಕಾನೂನು ಸಂಹಿತೆಯನ್ನೂ ತಂದ. ರೋಮಿನ ಚಕ್ರವರ್ತಿಗಳ ಹಾಗೆ ಕಾನೂನು ಕೊಟ್ಟವನು, ಅವರ ಹಾಗೆಯೇ ನಾಣ್ಯವನ್ನೂ ಕೊಟ್ಟ.

ಅದಕ್ಕೂ ಮೊದಲು ಅಲ್ಲಿ ಓಡಾಡುತ್ತಿದ್ದದ್ದು ತಾರಿ ಎಂಬ ಪುಟ್ಟ ಚಿನ್ನದ ನಾಣ್ಯ. ಅರಬ್ ಆಳ್ವಿಕೆಯಿಂದ ಉಳಿದು ಬಂದದ್ದು. ತೂಕ ಒಂದೇ ಸಮ ಇರುತ್ತಿರಲಿಲ್ಲ, ತಕ್ಕಡಿಗೆ ಹಾಕಿಯೇ ಲೆಕ್ಕ. ಅಗಸ್ಟಾಲಿಸ್ ಹಾಗಲ್ಲ: ಸುಮಾರು 5.3 ಗ್ರಾಂ, ಇಪ್ಪತ್ತೂವರೆ ಕ್ಯಾರಟ್. ಆದರೂ ವ್ಯಾಪಾರದಲ್ಲಿ ಗೆದ್ದದ್ದು 1252ರಲ್ಲಿ ಬಂದ ಫ್ಲಾರೆನ್ಸಿನ ಫ್ಲೋರಿನ್. ಅದು ಮೂರೂವರೆ ಗ್ರಾಂ ಅಷ್ಟೇ, ಆದರೆ ಅಪ್ಪಟ ಚಿನ್ನ. ಮೇಲೆ ಯಾವ ಅರಸನ ಮುಖವೂ ಇಲ್ಲ, ಒಂದು ಕಡೆ ಲಿಲ್ಲಿ ಹೂವು, ಇನ್ನೊಂದು ಕಡೆ ಸ್ನಾನಿಕ ಯೋಹಾನ.

ಫ್ರೆಡರಿಕ್ 1250ರಲ್ಲಿ ತೀರಿಕೊಂಡ. 1266ರಲ್ಲಿ ಅವನ ಮಗ ಮ್ಯಾನ್‌ಫ್ರೆಡ್‌ನನ್ನು ಸೋಲಿಸಿ ಆ ರಾಜ್ಯ ಹಿಡಿದ, ಫ್ರಾನ್ಸಿನ ರಾಜವಂಶದ ಆಂಜೂವಿನ ಚಾರ್ಲ್ಸ್ ಮೊದಲು ಅದೇ ಮಾದರಿಯಲ್ಲಿ ತನ್ನ ಮುಖ ಹಾಕಿಸಿದ, ಹದ್ದನ್ನು ತೆಗೆದು ಲಿಲ್ಲಿ ಹೂಗಳ ಗುರಾಣಿ ಇಟ್ಟ. 1278ರ ಹೊಸ ನಾಣ್ಯದಲ್ಲಿ ಮುಖವೂ ಹೋಯಿತು. ಆ ಜಾಗಕ್ಕೆ ಬಂದದ್ದು ಮರಿಯಳಿಗೆ ನಮಿಸುವ ದೇವದೂತ ಗೇಬ್ರಿಯೆಲ್.