ಟರೆಟ್ ಪ್ರೆಸ್ ಕೈಬಿಟ್ಟು ತಕ್ಕಡಿ ತಂದೆ

ಖಾಲಿ ತೋಟಾ ಮತ್ತೆ ತುಂಬುವ ಯಂತ್ರ ಟರೆಟ್ ಪ್ರೆಸ್, ನೋಡಿದರೆ ಯಾರಿಗೂ ಆಸೆ ಆಗುವಂಥದ್ದೇ. ಮೇಲಿನ ತಲೆ ತಿರುಗಿಸಿದರೆ ಮುಂದಿನ ಡೈ (ಅಚ್ಚು) ಬಂದು ನಿಲ್ಲುತ್ತದೆ, ಪ್ರತಿ ಸಲ ಬಿಚ್ಚಿ ಕೂಡಿಸುವ ರಗಳೆ ಇಲ್ಲ. ಆದರೆ ನಮ್ಮಲ್ಲಿ ಮದ್ದುಗುಂಡು ತಯಾರಿಸಲು 1959ರ ಶಸ್ತ್ರಾಸ್ತ್ರ ಕಾಯ್ದೆಯಂತೆ ಲೈಸೆನ್ಸ್ ಬೇಕು. ಧಾರವಾಡದ ಬಾಡಿಗೆ ಮನೆಯಲ್ಲಿ ಮಾಡುವ ಕೆಲಸ ಅದಲ್ಲ. ನಾನು ಹೊಡೆಯುವುದೂ 10 ಮೀಟರ್ ಏರ್ ರೈಫಲ್. ಹಂಗಾಗಿ ಅದರ ಪೆಲೆಟ್ (ಸೀಸದ ಸಣ್ಣ ಗುಂಡು) ಆರಿಸುವ ಮೇಜು ಹೂಡುತ್ತಿದ್ದೇನೆ.

ಮೊದಲು ತಕ್ಕಡಿ. ಡಬ್ಬಿಯ ಮೇಲೆ ಒಂದು ಪೆಲೆಟ್ ತೂಕ 0.53 ಗ್ರಾಂ ಅಂತಿದೆ. 0.01 ಗ್ರಾಂವರೆಗೆ ತೋರಿಸುವ ಅಗ್ಗದ ತಕ್ಕಡಿಗೆ 526 ಮಿಲಿಗ್ರಾಂ, 534 ಮಿಲಿಗ್ರಾಂ ಎರಡೂ ಒಂದೇ. ಮಿಲಿಗ್ರಾಂ ಓದುವಂಥದ್ದೇ ಬೇಕು ಅಂತ ಹುಬ್ಬಳ್ಳಿಯ ದುರ್ಗದಬೈಲ್ ಕಡೆ ಕೇಳಿದೆ. "ಸೀಸ ತೂಗಾಕ ಬಂಗಾರದ ತಕ್ಕಡಿ ಯಾಕ್ರೀ ಸರ?" ಅಂದರು ಅಂಗಡಿಯವರು. ಕೊಟ್ಟರು ಅನ್ನಿ.

ಫ್ಯಾನ್ ಹಾಕಿದರೆ ಕೊನೆಯ ಅಂಕಿ ಒಂದು ಕಡೆ ನಿಲ್ಲುವುದಿಲ್ಲ. ಬೇಸಿಗೆಯಲ್ಲಿ ಇದೇ ದೊಡ್ಡ ಶಿಕ್ಷೆ.

ತೂಗುವ ಮೊದಲು ಪ್ರತಿ ಪೆಲೆಟ್ ಅನ್ನು ಗಾಜಿನ ಮೇಲೆ ಉರುಳಿಸುತ್ತೇನೆ. ಹಿಂದಿನ ಅಂಚು ತಲೆಗಿಂತ ಅಗಲ ಇರುವುದರಿಂದ ಅದು ನೇರ ಹೋಗದೆ ದುಂಡಗೆ ಸುತ್ತುತ್ತದೆ. ಅಂಚು ನೆಗ್ಗಿದ್ದರೆ ಕುಂಟುತ್ತಾ ಹೋಗುತ್ತದೆ, ಕಣ್ಣಿಗೇ ಗೊತ್ತಾಗುತ್ತದೆ. ಅಂಥದ್ದು ಸೀದಾ ಅಭ್ಯಾಸದ ಡಬ್ಬಿಗೆ.

ಇನ್ನು ಲೆಕ್ಕ. ಸೆಕೆಂಡಿಗೆ ಸುಮಾರು 170 ಮೀಟರ್ ವೇಗ ಹಿಡಿದರೆ 10 ಮೀಟರ್ ದಾಟುವಷ್ಟರಲ್ಲಿ ಪೆಲೆಟ್ 17 ಮಿ.ಮೀ.ನಷ್ಟು ಕೆಳಗಿಳಿಯುತ್ತದೆ. ತೂಕ 5 ಮಿಲಿಗ್ರಾಂ ಹೆಚ್ಚುಕಡಿಮೆ ಆದರೆ ಈ ಇಳಿತದಲ್ಲಿ ಬರುವ ವ್ಯತ್ಯಾಸ 0.2 ಮಿ.ಮೀ.ಗಿಂತ ಕಡಿಮೆ. ಟಾರ್ಗೆಟ್‌ನಲ್ಲಿ ಒಂದೊಂದು ಉಂಗುರಕ್ಕೆ 2.5 ಮಿ.ಮೀ., ಅಂದರೆ 0.1 ಅಂಕಕ್ಕೆ 0.25 ಮಿ.ಮೀ. ಅಷ್ಟಕ್ಕಾಗಿ ರಾತ್ರಿಯೆಲ್ಲ ತೂಗುತ್ತ ಕೂಡುವುದು ನನಗಂತೂ ಬೇಡ. ತೀರಾ ಹಗುರ, ತೀರಾ ಭಾರ ಇರುವುದನ್ನು ತೆಗೆದರೆ ಸಾಕು.

ತಲೆಯ ಅಳತೆಯ ಮಾತು ಬೇರೆ. 4.49 ಮಿ.ಮೀ., 4.50 ಮಿ.ಮೀ. ಅಂತ ಬೇರೆಬೇರೆ ಡಬ್ಬಿ ಸಿಗುತ್ತವೆ. ನನ್ನ ಬ್ಯಾರಲ್‌ಗೆ ಯಾವುದು ಒಗ್ಗುತ್ತದೆ ಅನ್ನುವುದನ್ನು ತಕ್ಕಡಿ ಹೇಳುವುದಿಲ್ಲ. ಡೈಯಲ್ಲಿ ತಳ್ಳಿ ಅಳತೆಗೆ ತರುವ ಸೈಸರ್ ಸಹ ಮಾರುತ್ತಾರೆ. ಅದನ್ನು ಕೊಳ್ಳುತ್ತಿಲ್ಲ. ಸೀಸ ಮೆತ್ತಗಿನದು, ತಳ್ಳುವಾಗ ಅಂಚು ಕೆಟ್ಟರೆ ಹಿಂದಿನಿಂದ ಗಾಳಿ ಸೋರುತ್ತದೆ. ಮುಂದಿನ ವಾರ ರೇಂಜ್‌ನಲ್ಲಿ ರೈಫಲ್ ಅನ್ನು ಅಲುಗದಂತೆ ವೈಸ್‌ಗೆ ಕಟ್ಟಿ, ಎರಡೂ ಡಬ್ಬಿಯಿಂದ ಹತ್ತತ್ತು ಹೊಡೆದು, ಗ್ರೂಪ್ (ತೂತುಗಳು ಎಷ್ಟು ಹತ್ತಿರ ಬಿದ್ದಿವೆ ಅನ್ನುವುದು) ಅಳೆದು ಇಲ್ಲೇ ಬರೆಯುತ್ತೇನೆ.