ಹೌಸ್‌ಬೋಟಾ, ದಡದ ಮನೆಯಾ?

ಬೆಂಗಳೂರು, ಮೈಸೂರಿನ ಗೆಳೆಯರಿಂದ ವರ್ಷವಿಡೀ ಬರುವ ಪ್ರಶ್ನೆ ಇದು. ಡಿಸೆಂಬರ್ ಹತ್ತಿರ ಬಂದರೆ ಇನ್ನೂ ಜಾಸ್ತಿ. "ನಿಮ್ಮ ಕಾಸರಗೋಡು ಕಡೆ ಬರ್ತಿದ್ದೇವೆ. ಹಿನ್ನೀರಿನ ಹತ್ತಿರ ಉಳಿಯಬೇಕು. ಹೌಸ್‌ಬೋಟ್ ಬುಕ್ ಮಾಡೋದಾ, ದಡದಲ್ಲಿ ಸಣ್ಣ ಸಣ್ಣ ಹೋಂಸ್ಟೇ ಇವೆಯಲ್ಲ, ಅಲ್ಲಿ ಇರೋದಾ?"

ದಡದ ಮನೆ. ಗಡಿಬಿಡಿಯಲ್ಲಿ ಇರುವವರಿಗೆ ಇಷ್ಟು ಸಾಕು. ಯಾಕೆ ಅಂತ ಕೇಳುವವರಿಗಾಗಿ ಮುಂದಿನದ್ದು.

ಮೊದಲು ಜಾಗ ಯಾವುದು ಅಂತ ಹೇಳಿಬಿಡುತ್ತೇನೆ. ಕಾಸರಗೋಡು, ಕೆರೆ ಅಂದ ಕೂಡಲೇ ಕನ್ನಡದವರಿಗೆ ನೆನಪಾಗುವುದು ಕುಂಬಳೆ ಹತ್ತಿರದ ಅನಂತಪುರ. ಕೆರೆಯ ನಡುವೆ ದೇವಸ್ಥಾನ, ನೀರಿನಲ್ಲಿ ಬಬಿಯಾ ಮೊಸಳೆ. ಬಬಿಯಾ 2022ರ ಅಕ್ಟೋಬರ್ 9ರಂದು ತೀರಿಹೋಯಿತು. ಮರುವರ್ಷ ನವೆಂಬರಿನಲ್ಲಿ ಅದೇ ಕೆರೆಯಲ್ಲಿ ಇನ್ನೊಂದು ಮೊಸಳೆ ಕಾಣಿಸಿಕೊಂಡಿತು. ಖಂಡಿತ ನೋಡಿ ಬನ್ನಿ. ಆದರೆ ಅದು ಕೈಮುಗಿದು ಬರುವ ಕೆರೆ. ನಾನು ಹೇಳುತ್ತಿರುವುದು ಜಿಲ್ಲೆಯ ಇನ್ನೊಂದು ತುದಿ, ಕವ್ವಾಯಿ ಕಾಯಲ್. ನೀಲೇಶ್ವರದಿಂದ ಪಯ್ಯನ್ನೂರಿನ ಕಡೆಗೆ ಕಡಲಿಗೆ ಸಮನಾಗಿ ಮಲಗಿರುವ ಹಿನ್ನೀರು. ಉತ್ತರ ಕೇರಳದಲ್ಲಿ ಇದಕ್ಕಿಂತ ದೊಡ್ಡ ಹಿನ್ನೀರು ಬೇರೆ ಇಲ್ಲ. ಕಡಲಿಗೂ ಕಾಯಲಿಗೂ ನಡುವೆ ವಲಿಯಪರಂಬ ಅಂತ ಒಂದು ಮರಳಿನ ಪಟ್ಟಿ ಉಂಟು. ಉದ್ದ 20 ಕಿಲೋಮೀಟರಿಗೂ ಜಾಸ್ತಿ. ಅಗಲ ಎಷ್ಟು ಕಡಿಮೆ ಅಂದರೆ, ಕೆಲವು ಕಡೆ ಕಾಯಲ್ ದಡದಲ್ಲಿ ಚಾ ಕುಡಿದು ಲೋಟ ಕೈಯಲ್ಲಿ ಹಿಡಿದುಕೊಂಡೇ ಕಡಲಿಗೆ ನಡೆದು ಹೋಗಬಹುದು.

ಬದಿಯಡ್ಕ ಕಡೆಯವನಾದ ನನಗೂ ಅದು ಸ್ವಲ್ಪ ಪರವೂರೇ. ಚಂದ್ರಗಿರಿ ಹೊಳೆ ದಾಟಿದ ಮೇಲೆ ಬೋರ್ಡುಗಳಲ್ಲಿ ಕನ್ನಡ ಕಡಿಮೆಯಾಗುತ್ತಾ ಹೋಗುತ್ತದೆ. ಬೇಕಲ ಕೋಟೆ ನಮ್ಮ ಶಿವಪ್ಪ ನಾಯಕನದ್ದು. ಕಾಞಂಗಾಡಿಗೆ ನಾವು ಈಗಲೂ ಹೊಸದುರ್ಗ ಅಂತಲೇ ಹೇಳುವುದು. ಅದರಾಚೆ ಪೂರಾ ಮಲಯಾಳ. ಭಾಷೆ ಬರುವುದಿಲ್ಲ ಅಂತ ಹೆದರಬೇಡಿ. ಆ ಕಡೆಯ ಎಷ್ಟೋ ಜನ ಬೆಂಗಳೂರಿನಲ್ಲಿ ಬೇಕರಿ, ಟೀ ಅಂಗಡಿ ಇಟ್ಟು ಬಂದವರು. ನಾನು ಗೆಳೆಯರನ್ನು ಕಳಿಸುವ ಮನೆಯ ಯಜಮಾನರೂ ಅವರಲ್ಲಿ ಒಬ್ಬರು. ಫೋನ್ ಎತ್ತಿದ ಕೂಡಲೇ "ಹೇಳಿ ಸಾರ್, ಏನ್ ಸಮಾಚಾರ" ಅಂತಾರೆ, ಅಪ್ಪಟ ಶಿವಾಜಿನಗರದ ಕನ್ನಡದಲ್ಲಿ. ನನ್ನ "ಎಂತ ಮಾರಾಯ್ರೆ" ಕೇಳಿ ಅವರಿಗೆ ನಗು.

ಇನ್ನು ಹೌಸ್‌ಬೋಟ್. ನನಗೆ ಅದರ ಮೇಲೆ ದ್ವೇಷ ಏನೂ ಇಲ್ಲ. ನೀಲೇಶ್ವರದ ಕೋಟಪ್ಪುರಂನಿಂದ ಹೊರಡುತ್ತವೆ, ನೋಡಲು ಚಂದ, ಊಟವೂ ಚೆನ್ನಾಗಿಯೇ ಇರುತ್ತದೆ. ಆದರೆ ದುಡ್ಡು ಕೊಟ್ಟು ನೀವು ಕೊಂಡುಕೊಳ್ಳುವುದು ಏನು ಅಂತ ಒಮ್ಮೆ ಲೆಕ್ಕ ಹಾಕಿ. ಮಧ್ಯಾಹ್ನದ ಹೊತ್ತಿಗೆ ಹತ್ತುತ್ತೀರಿ. ಊಟ, ನಾಲ್ಕು ಫೋಟೋ, ಒಂದು ಚಾ. ಸಂಜೆಯಾಗುತ್ತಲೇ ಬೋಟನ್ನು ಎಲ್ಲಾದರೂ ದಡಕ್ಕೆ ಕಟ್ಟುತ್ತಾರೆ. ರಾತ್ರಿ ಮೀನಿನವರ ಬಲೆ ಬಿದ್ದಿರುತ್ತದೆ, ಬೋಟ್ ಓಡಿಸುವಂತಿಲ್ಲ. ಅಲ್ಲಿಂದ ಬೆಳಗಿನವರೆಗೆ ನೀವಿರುವುದು ಕಟ್ಟಿಹಾಕಿದ ಒಂದು ರೂಮಿನಲ್ಲಿ, ಎಸಿಗಾಗಿ ಗುರುಗುಡುವ ಜನರೇಟರಿನ ಪಕ್ಕದಲ್ಲಿ. ಬೆಳಿಗ್ಗೆ ತಿಂಡಿ ಕೊಟ್ಟು ಒಂದು ಸಣ್ಣ ಸುತ್ತು ಹಾಕಿಸಿ ಇಳಿಸುತ್ತಾರೆ. ನೀರಿನ ಮೇಲೆ ನಿಜವಾಗಿ ಸಾಗಿದ್ದು ಕೆಲವೇ ಗಂಟೆ. ಆ ಕೆಲವು ಗಂಟೆ ಬೇಕಾದರೆ ಹಗಲಿನ ಟ್ರಿಪ್ ಮಾಡಿ, ರಾತ್ರಿ ಮನೆಗೆ ಬನ್ನಿ. ಹತ್ತು ಹನ್ನೆರಡು ಜನರ ಗುಂಪು, ಹಾಡು ಕುಣಿತ ಎಲ್ಲ ಇರಬೇಕು ಅಂದರೆ ಮಾತ್ರ ಬೋಟೇ ಸರಿ. ತಲೆಗೆ ಬೀಳುವ ಖರ್ಚೂ ಕಡಿಮೆ, ಪಕ್ಕದ ಮನೆಯವರ ನಿದ್ದೆಯೂ ಕೆಡುವುದಿಲ್ಲ.

ಬೋಟ್ ಯಾವುದೇ ಇರಲಿ, ಲೈಫ್ ಜಾಕೆಟ್ ಹಾಕದೆ ಹತ್ತಬೇಡಿ. 2023ರ ಮೇ 7ರ ಸಂಜೆ ಮಲಪ್ಪುರಂ ಜಿಲ್ಲೆಯ ತಾನೂರಿನಲ್ಲಿ ಪ್ರವಾಸಿ ಬೋಟ್ ಮಗುಚಿ 22 ಜನ ತೀರಿಕೊಂಡರು. ಹಿಡಿಸುವುದಕ್ಕಿಂತ ಎಷ್ಟೋ ಜಾಸ್ತಿ ಜನ ಅದರಲ್ಲಿ ಹತ್ತಿದ್ದರು. "ಇನ್ನಿಬ್ಬರಿಗೆ ಜಾಗ ಇದೆ ಬನ್ನಿ" ಅಂತ ಕರೆಯುವ ಬೋಟಿಗೆ ಬೆನ್ನು ಹಾಕಿ.

ದಡದ ಮನೆಯಲ್ಲಿ ಏನು ಸಿಗುತ್ತದೆ? ಕಾಯಲ್ ಕೆಲಸ ಮಾಡುವುದನ್ನು ನೋಡಲು ಸಿಗುತ್ತದೆ. ಇದು ಮೈಸೂರಿನ ಕುಕ್ಕರಹಳ್ಳಿ ಕೆರೆಯ ತರಹ ಒಂದೇ ಮಟ್ಟದಲ್ಲಿ ನಿಂತ ನೀರಲ್ಲ. ಕಡಲಿನ ಜೊತೆ ದಿನಕ್ಕೆ ಎರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ. ನಾನು ಹೇಳುವ ಮನೆಯ ಮುಂದೆ ನೀರಿಗೆ ಇಳಿಯಲು ಮುರಕಲ್ಲಿನ ಮೆಟ್ಟಿಲು ಉಂಟು. ಉಬ್ಬರದಲ್ಲಿ ಮೇಲಿನ ಎರಡು ಮೆಟ್ಟಿಲು ಬಿಟ್ಟರೆ ಉಳಿದದ್ದು ಕಾಣುವುದಿಲ್ಲ, ದೋಣಿಯ ಮೂತಿ ಅಂಗಳಕ್ಕೆ ತಾಗುತ್ತದೆ. ಇಳಿತದಲ್ಲಿ ಕೊನೆಯ ಮೆಟ್ಟಿಲೂ ಹೊರಗೆ ಬಿದ್ದು, ಅದರ ಕೆಳಗೆ ಕರಿ ಕೆಸರು. ಕೆಸರಿನಲ್ಲಿ ಚಿಕ್ಕ ಏಡಿಗಳು ಓಡಾಡುತ್ತವೆ, ನೆರಳು ಬಿದ್ದರೆ ಮಾಯ. ಕೆಳಗಿನ ಮೆಟ್ಟಿಲುಗಳ ಅಂಚಿಗೆ ಚಿಪ್ಪು ಕಚ್ಚಿಕೊಂಡಿರುತ್ತದೆ. ಬರಿಗಾಲಿನಲ್ಲಿ ಇಳಿದರೆ ಪಾದ ಸೀಳುತ್ತದೆ, ಹಳೆ ಚಪ್ಪಲಿ ಒಂದು ತನ್ನಿ. ಈ ಏರಿಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಅಂದರೆ ಇವತ್ತು ಬೆಳಿಗ್ಗೆ ಆರಕ್ಕೆ ನೀರು ತುಂಬಿದ್ದರೆ ನಾಳೆ ಏಳರ ಹತ್ತಿರ. ಮನೆಯವರು ಗಡಿಯಾರಕ್ಕಿಂತ ಇದನ್ನೇ ನಂಬುವುದು. "ದೋಣಿಯಲ್ಲಿ ಯಾವಾಗ ಕರೆದುಕೊಂಡು ಹೋಗ್ತೀರಿ" ಅಂತ ಕೇಳಿದರೆ ಮೆಟ್ಟಿಲು ನೋಡಿ ಉತ್ತರ ಕೊಡುತ್ತಾರೆ.

ಇಳಿತದ ಹೊತ್ತಿಗೆ ಒಂದು ವಾಸನೆ ಬರುತ್ತದೆ. ಕೊಳೆತ ಮೊಟ್ಟೆಯ ವಾಸನೆ. ಬಂದವರಲ್ಲಿ ಒಬ್ಬರಾದರೂ "ಇಲ್ಲಿ ಡ್ರೈನೇಜ್ ಬಿಟ್ಟಿದ್ದಾರೆ" ಅಂತ ನನಗೆ ಮೆಸೇಜ್ ಹಾಕುತ್ತಾರೆ. ಅದು ಡ್ರೈನೇಜ್ ಅಲ್ಲ ಮಾರಾಯ್ರೆ. ಕೆಸರಿನೊಳಗೆ ಗಾಳಿ ಆಡುವುದಿಲ್ಲ. ಅಲ್ಲಿನ ಬ್ಯಾಕ್ಟೀರಿಯಾಗಳು ಎಲೆ, ಬೇರು ಕೊಳೆಸುವಾಗ ಹೈಡ್ರೋಜನ್ ಸಲ್ಫೈಡ್ ಹೊರಗೆ ಬರುತ್ತದೆ. ಕಾಂಡ್ಲಾ ಗಿಡ (ಮ್ಯಾಂಗ್ರೋವ್) ಇರುವ ಎಲ್ಲ ಕಡೆಯೂ ಇದೇ ಕತೆ. ನೀರು ಏರಿದರೆ ವಾಸನೆ ಹೋಯಿತು.

ನವೆಂಬರಿನಿಂದ ಮೇವರೆಗೆ ಹೋದರೆ ನೀರಿನಲ್ಲಿ ಸಾಲು ಸಾಲು ಬಿದಿರಿನ ಕಂಬ ಕಾಣುತ್ತದೆ. ಅದು ಪಚ್ಚಿಲೆ ಕೃಷಿ, ಅಂದರೆ ಮಸೆಲ್ ಅನ್ನುವ ತಿನ್ನುವ ಚಿಪ್ಪುಜೀವಿಯನ್ನು ಬೆಳೆಸುವುದು. ಪಡನ್ನ, ಚೆರುವತ್ತೂರು ಕಡೆ ಇದು ದೊಡ್ಡ ಕೆಲಸ. 1990ರ ದಶಕದಲ್ಲಿ ಕೇಂದ್ರ ಕಡಲ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು ಕಲಿಸಿಕೊಟ್ಟ ವಿದ್ಯೆ. ಹೆಂಗಸರ ಸ್ವಸಹಾಯ ಗುಂಪುಗಳು ಅದನ್ನು ಎತ್ತಿ ನಿಲ್ಲಿಸಿದವು. ಮಳೆ ನಿಂತು ಕಾಯಲಿನ ನೀರು ಉಪ್ಪಾದ ಮೇಲೆ, ಕಡಲ ಬಂಡೆಯಿಂದ ಕೆರೆದು ತಂದ ಮರಿ ಪಚ್ಚಿಲೆಗಳನ್ನು ಹಗ್ಗದ ಸುತ್ತ ಇಟ್ಟು ಹತ್ತಿಯ ಬಲೆಬಟ್ಟೆಯಿಂದ ಸುತ್ತಿ ಹೊಲಿಯುತ್ತಾರೆ. ಆ ಹಗ್ಗವನ್ನು ಬಿದಿರಿಗೆ ಕಟ್ಟಿ ನೀರಿಗೆ ಇಳಿಬಿಡುತ್ತಾರೆ. ಸ್ವಲ್ಪ ದಿನದಲ್ಲಿ ಪಚ್ಚಿಲೆ ತಾನೇ ಹಗ್ಗಕ್ಕೆ ಕಚ್ಚಿಕೊಳ್ಳುತ್ತದೆ, ಅಷ್ಟರಲ್ಲಿ ಬಟ್ಟೆ ಕರಗಿಹೋಗುತ್ತದೆ. ಏಪ್ರಿಲ್ ಮೇ ಹೊತ್ತಿಗೆ ಹಗ್ಗ ಎಳೆದರೆ ಬಾಳೆಗೊನೆಯ ಹಾಗೆ ತುಂಬಿಕೊಂಡು ಬರುತ್ತದೆ. ಮಳೆಗೆ ಮೊದಲು ತೆಗೆಯಲೇಬೇಕು, ಸಿಹಿನೀರು ಬಂದರೆ ಸತ್ತುಹೋಗುತ್ತದೆ. ನೀರು ಅಷ್ಟು ಉಪ್ಪಾ ಅಂತ ಅನುಮಾನ ಇದ್ದರೆ ಒಂದು ಮಾತು. 1930ರ ಏಪ್ರಿಲಿನಲ್ಲಿ ಕೇರಳದ ಸ್ವಾತಂತ್ರ್ಯ ಹೋರಾಟಗಾರ ಕೆ. ಕೇಳಪ್ಪನ್ ಉಪ್ಪಿನ ಸತ್ಯಾಗ್ರಹಕ್ಕೆ ಬಂದದ್ದು ಇದೇ ಪಯ್ಯನ್ನೂರಿನ ಉಳಿಯತ್ತು ಕಡವು ಅನ್ನುವ ಜಾಗಕ್ಕೆ.

ಇದನ್ನೆಲ್ಲ ಯಾರೋ ಗೈಡ್ ಹೇಳಿದ್ದಲ್ಲ. ಹಗ್ಗ ಸುತ್ತುತ್ತಾ ಕೂತ ಹೆಂಗಸರ ಪಕ್ಕ ಕೂತರೆ, ಅರ್ಧ ಮಲಯಾಳ, ಅರ್ಧ ಕೈಸನ್ನೆಯಲ್ಲಿ ಹೇಳುತ್ತಾರೆ. ಹಾಗೆ ಕೂರಲು ನಿಮ್ಮನ್ನು ಕರೆದುಕೊಂಡು ಹೋಗುವವರು ಮನೆಯವರು. ಅದಕ್ಕೇ ಬುಕ್ ಮಾಡುವಾಗ ನಾನು ಕೇಳಲು ಹೇಳುವ ಪ್ರಶ್ನೆ ಒಂದೇ: "ನೀವು ಅದೇ ಮನೆಯಲ್ಲಿ ಇರ್ತೀರಾ?" ವೈಫೈ, ಗೀಸರ್, ಪಾರ್ಕಿಂಗ್ ಎಲ್ಲ ಆಮೇಲೆ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಬೆಡ್ ಆಂಡ್ ಬ್ರೇಕ್‌ಫಾಸ್ಟ್ ಯೋಜನೆಯಲ್ಲೂ ಇದೇ ಮುಖ್ಯ ನಿಯಮ. ಬಾಡಿಗೆಗೆ ಕೊಡುವ ರೂಮು 1ರಿಂದ 6, ಮನೆಯವರು ಅಲ್ಲೇ ವಾಸವಾಗಿರಬೇಕು. ಈಗ ಏನಾಗಿದೆ ಅಂದರೆ, ದುಬೈಯಲ್ಲಿರುವವರ ಖಾಲಿ ಬಂಗಲೆಗೂ ಹೋಂಸ್ಟೇ ಅಂತ ಬೋರ್ಡ್ ಬಿದ್ದಿದೆ. ಗೇಟಿನಲ್ಲಿ ಬೀಗದ ಕೈ ಕೊಡುವ ಹುಡುಗ, ಫ್ರಿಜ್ಜಿನಲ್ಲಿ ಬ್ರೆಡ್ ಮತ್ತು ಜಾಮ್. ನನ್ನ ಅಕ್ಕನ ಮಗನ ಕುಟುಂಬ ಹಾಗೊಂದು ಕಡೆ ಸಿಕ್ಕಿಹಾಕಿಕೊಂಡಿತ್ತು. ರಾತ್ರಿ ಕರೆಂಟ್ ಹೋದರೆ ಕೇಳುವವರಿಲ್ಲ, ಬೆಳಿಗ್ಗೆ ಚಾ ಕೊಡುವವರಿಲ್ಲ. ಅದಕ್ಕಿಂತ ಹೋಟೆಲ್ ವಾಸಿ, ಅಲ್ವಾ?

ತಿಂಡಿಯ ವಿಷಯ. ಪುಟ್ಟು, ಕಡಲೆ, ಮಾಗಿದ ನೇಂದ್ರ ಬಾಳೆಹಣ್ಣು. ಇದು ಸಸ್ಯಾಹಾರಿಗಳಿಗೂ ಆಗುತ್ತದೆ, ಆದರೆ ಮೊದಲೇ ಹೇಳಿಬಿಡಿ. ಹೇಳದೆ ಹೋದರೆ ಪ್ರೀತಿಯಿಂದ ಮೀನು ಬಡಿಸುತ್ತಾರೆ. ಮೀನು ತಿನ್ನುವವರು ಅರಿಕಡುಕ್ಕ ಬಿಡಬಾರದು. ಪಚ್ಚಿಲೆಯ ಬಾಯಿ ಚೂರಿಯಲ್ಲಿ ಬಿಡಿಸಿ, ಅಕ್ಕಿ, ತೆಂಗಿನಕಾಯಿ, ಸಣ್ಣ ಈರುಳ್ಳಿ, ಸೋಂಪು ರುಬ್ಬಿದ್ದನ್ನು ಚಿಪ್ಪಿನೊಳಗೆ ತುಂಬಿ ಹಬೆಯಲ್ಲಿ ಬೇಯಿಸುತ್ತಾರೆ. ಆಮೇಲೆ ಚಿಪ್ಪು ತೆಗೆದು ಖಾರ ಸವರಿ ಎಣ್ಣೆಯಲ್ಲಿ ಕಾಯಿಸುತ್ತಾರೆ. ಅದು ಅರ್ಧ ದಿನದ ಕೆಲಸ, ಹಾಗಾಗಿ ಹಿಂದಿನ ದಿನವೇ ಕೇಳಿಕೊಳ್ಳಿ. ಕುಡಿಯಲು ಕೊಡುವ ನೀರು ಗುಲಾಬಿ ಬಣ್ಣ ಇದ್ದರೆ ಗಾಬರಿ ಬೇಡ. ಪದಿಮುಗಂ ಅನ್ನುವ ಮರದ ಚೆಕ್ಕೆ ಹಾಕಿ ಕುದಿಸಿದ್ದು ಅಷ್ಟೇ. ಅನ್ನ ಕುಚ್ಚಲಕ್ಕಿಯದ್ದು, ದಪ್ಪ. ನಮಗೆ ಅದಿಲ್ಲದೆ ಊಟ ಇಲ್ಲ, ಬೆಂಗಳೂರಿನವರು ಮೊದಲ ದಿನ ಸ್ವಲ್ಪ ಮುಖ ಕಿವುಚುತ್ತಾರೆ.

ನಿಶ್ಶಬ್ದ ಬೇಕು ಅಂತ ಬರುವವರಿಗೂ ಒಂದು ಎಚ್ಚರಿಕೆ. ಅಲ್ಲಿ ಜನ ವಾಸ ಮಾಡುತ್ತಾರೆ. ಬೆಳಗಿನ ಬಾಂಗ್, ದೇವಸ್ಥಾನದ ಮೈಕ್, ಮೀನಿನ ಸ್ಕೂಟರಿನ ಹಾರ್ನ್, ಎಲ್ಲ ಇರುತ್ತದೆ. ಅಕ್ಟೋಬರ್ ಕೊನೆಯ ಪತ್ತಾಮುದಯ ಹಬ್ಬದಿಂದ ಜೂನ್ ಹತ್ತಿರದವರೆಗೆ ತೆಯ್ಯಂ ಅನ್ನುವ ದೈವದ ಕುಣಿತದ ಕಾಲ. ರಾತ್ರಿ ಮೂರಕ್ಕೆ ಚೆಂಡೆ ಕೇಳಿದರೆ ದಿಂಬು ತಲೆ ಮೇಲೆ ಹಾಕಿಕೊಳ್ಳಬೇಡಿ, ಎದ್ದು ಹೋಗಿ. ಭೂತಕೋಲ ನೋಡಿ ಬೆಳೆದ ನಮ್ಮಂಥವರಿಗೆ ಅದು ಪೂರ್ತಿ ಹೊಸತಲ್ಲ, ಆದರೆ ತಲೆಯ ಮೇಲಿನ ಮುಡಿ (ಕಿರೀಟ), ಮುಖದ ಬಣ್ಣದ ಗತ್ತೇ ಬೇರೆ. ಇವತ್ತು ಯಾವ ಕಾವಿನಲ್ಲಿ (ದೇವರ ಬನದಲ್ಲಿ) ಯಾವ ತೆಯ್ಯಂ ಅನ್ನುವುದು ಮನೆಯವರಿಗೆ ಗೊತ್ತಿರುತ್ತದೆ, ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟಿರುತ್ತಾರೆ. ಹತ್ತಿರದ ಇಡಯಿಲಕ್ಕಾಡಿನ ಕಾವಿನಲ್ಲಿ ಮಂಗಗಳಿವೆ. ಓಣಂ ಹೊತ್ತಿಗೆ ಅವಕ್ಕೂ ಎಲೆ ಹಾಕಿ ಓಣಂ ಹಬ್ಬದೂಟ ಬಡಿಸುತ್ತಾರೆ, ತಮಾಷೆ ಅಲ್ಲ.

ಸೊಳ್ಳೆ ಇದೆ. ಸಂಜೆ ಆರರಿಂದ ಎಂಟರವರೆಗೆ ಉದ್ದ ತೋಳಿನ ಬಟ್ಟೆ ಹಾಕಿ. ಮಾರ್ಚ್ ದಾಟಿದ ಮೇಲೆ ಬೆವರು, ಜೂನಿನಿಂದ ಮಳೆ. ನಮ್ಮ ಜಿಲ್ಲೆಗೆ ವರ್ಷಕ್ಕೆ ಬೀಳುವ 3500 ಮಿಲಿಮೀಟರ್ ಆಸುಪಾಸಿನ ಮಳೆಯಲ್ಲಿ ಬಹುಪಾಲು ಆ ನಾಲ್ಕು ತಿಂಗಳಲ್ಲೇ. ಆಟಿಯ (ಆಷಾಢದ) ಮಳೆ ನೋಡಬೇಕು ಅನ್ನುವವರಿಗೆ ರೂಮು ಅಗ್ಗಕ್ಕೆ ಸಿಗುತ್ತದೆ, ಆದರೆ ದೋಣಿ ಇಳಿಸುವುದಿಲ್ಲ. ನವೆಂಬರಿನಿಂದ ಫೆಬ್ರವರಿ ಎಲ್ಲರಿಗೂ ಒಳ್ಳೆಯದು. ಕಾರಿಗಿಂತ ರೈಲು ಸುಖ. ಮಂಗಳೂರು ಸೆಂಟ್ರಲ್‌ನಿಂದ ಎಕ್ಸ್‌ಪ್ರೆಸ್ ರೈಲಿನಲ್ಲಿ ಎರಡು ಗಂಟೆಯೊಳಗೆ ಪಯ್ಯನ್ನೂರು. ಚೆರುವತ್ತೂರು ಇನ್ನೂ ಹತ್ತಿರ, ಆದರೆ ಅಲ್ಲಿ ಎಲ್ಲ ರೈಲು ನಿಲ್ಲುವುದಿಲ್ಲ. ಅಲ್ಲಿಂದ ಆಟೋ. ಈಗ ಸೇತುವೆ ಇರುವುದರಿಂದ ನೇರ ಅಂಗಳಕ್ಕೇ ಇಳಿಸುತ್ತಾರೆ.

ಎಷ್ಟು ದಿನ ಅಂತ ಕೇಳಿದರೆ, ಎರಡು ರಾತ್ರಿ. ಹೌಸ್‌ಬೋಟಿನ ಒಂದು ರಾತ್ರಿಯ ದುಡ್ಡಿನಲ್ಲಿ ಸಾಮಾನ್ಯವಾಗಿ ಅಷ್ಟು ಆಗಿಹೋಗುತ್ತದೆ. ಮೊದಲ ದಿನ ನೀವು ಫೋಟೋ ತೆಗೆಯುತ್ತೀರಿ, ಮನೆಯವರು ಸಂಕೋಚದಲ್ಲಿ ಇರುತ್ತಾರೆ. ಎರಡನೇ ದಿನ ಅಡುಗೆಮನೆಗೆ ಕರೆಯುತ್ತಾರೆ. ರಾತ್ರಿ ಹತ್ತಕ್ಕೆ ಬಂದು ಬೆಳಿಗ್ಗೆ ಏಳಕ್ಕೆ ಹೊರಡುವ ಪ್ಲಾನ್ ಇದ್ದರೆ ನನ್ನನ್ನು ಕೇಳಲೇಬೇಡಿ. ಪಯ್ಯನ್ನೂರು ಸ್ಟೇಷನ್ ಹತ್ತಿರ ಒಂದು ಲಾಡ್ಜ್ ಮಾಡಿ. ಅದು ಇನ್ನೂ ಕಡಿಮೆಗೆ ಆಗುತ್ತದೆ, ಪುಟ್ಟಿಗೆ ಅಕ್ಕಿ ನೆನೆಹಾಕಿ ಕಾಯುವ ಕೆಲಸ ಆ ಮನೆಯವರಿಗೂ ತಪ್ಪುತ್ತದೆ.