ತರಗತಿಯ ಪುಸ್ತಕದ ಕಪಾಟು: ಕೆಲಸ ಎಲ್ಲಿಗೆ ಬಂತು

ಎಲ್ಲ ಥರದ ಮಕ್ಕಳ ಕಥೆಯೂ ಸಿಗುವಂತೆ ನಮ್ಮ ತರಗತಿಯ ಪುಸ್ತಕದ ಕಪಾಟನ್ನು ಹೊಸದಾಗಿ ಜೋಡಿಸುವ ಕೆಲಸ ಅರ್ಧ ದಾಟಿದೆ. ಇಲ್ಲಿವರೆಗೆ ಆಗಿದ್ದನ್ನು ಬರೆದಿಡುತ್ತಿದ್ದೇನೆ.

ಎಣಿಕೆ

ಪುಸ್ತಕಗಳನ್ನೆಲ್ಲ ನೆಲದ ಮೇಲೆ ಹರಡಿ, ಒಂದೊಂದನ್ನೂ ಎತ್ತಿಕೊಂಡು ನೋಡಿದೆ: ಇದು ಯಾರ ಕಥೆ? ಗುಂಪಿನ ಚಿತ್ರದ ಮೂಲೆಯಲ್ಲಿ ಸುಮ್ನೆ ನಿಂತ, ಒಂದು ಮಾತೂ ಆಡದ ಮಗುವನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಪ್ರಾಣಿಗಳ ಕಥೆಗೆ ಬೇರೆ ಗುಡ್ಡೆ. ಅದೇ ಎಲ್ಲಕ್ಕಿಂತ ಎತ್ತರ ಆಯ್ತು ಅನ್ನಿ.

ಹೀಗೆ ಎಣಿಸುವುದು ಹೊಸದೇನಲ್ಲ. ಅಮೆರಿಕದಲ್ಲಿ 1962ರಿಂದ 64ರವರೆಗೆ ಬಂದ 5,206 ಮಕ್ಕಳ ಪುಸ್ತಕಗಳ ಲೆಕ್ಕವನ್ನು ಅಲ್ಲಿನ ಶಿಕ್ಷಣತಜ್ಞೆ ನ್ಯಾನ್ಸಿ ಲ್ಯಾರಿಕ್ 1965ರಲ್ಲಿ ಪ್ರಕಟಿಸಿದರು. ಕಪ್ಪು ಜನಾಂಗದ ಒಬ್ಬರಾದರೂ ಕಾಣಿಸುವ ಪುಸ್ತಕ ಬರೀ 349. ಮುಂದೆ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಮಕ್ಕಳ ಪುಸ್ತಕ ಕೇಂದ್ರದವರು ಬೇರೆ ರೀತಿ ಎಣಿಸಿದರು. 1985ರಲ್ಲಿ ಬಂದ ಸುಮಾರು 2,500 ಪುಸ್ತಕಗಳಲ್ಲಿ ಕಪ್ಪು ಜನಾಂಗದವರು ಬರೆದ ಅಥವಾ ಚಿತ್ರ ಬಿಡಿಸಿದ ಪುಸ್ತಕ 18. ಇದನ್ನು ಓದಿದ ಮೇಲೆ ನನ್ನ ಪಟ್ಟಿಗೂ ಇನ್ನೊಂದು ಕಾಲಂ ಸೇರಿಸಿದೆ: ಬರೆದವರು ಯಾರು? ಆ ಕಾಲಂ ತುಂಬುವಾಗ ಪಟ್ಟಿಯ ಚಂದವೆಲ್ಲ ಇಳಿದುಹೋಯಿತು.

ಒಳಗೇನಿದೆ

ಜಾಸ್ತಿ ಹೊತ್ತು ಹಿಡಿದಿದ್ದು ಇಲ್ಲೇ. ಬೇರೆ ಸಂಸ್ಕೃತಿಯ ಪುಸ್ತಕ ಅಂತ ಇದ್ದವುಗಳಲ್ಲಿ ಹೆಚ್ಚಿನವು ಹಬ್ಬ, ಉಡುಪು, ಊಟದ ಪರಿಚಯ. ಇಲ್ಲವಾದರೆ ವಲಸೆ, ಯುದ್ಧ, ಅವಮಾನದ ಕಥೆ. ಎರಡೂ ಬೇಕು, ಬೇಡ ಅನ್ನುತ್ತಿಲ್ಲ. ಆದರೆ ಅವೇ ತುಂಬಿಕೊಂಡರೆ, ಆ ಮಕ್ಕಳಿಗೆ ಹಲ್ಲು ಅಲುಗಾಡುವುದೇ ಇಲ್ಲ, ತಂಗಿ ಜೊತೆ ಜಗಳವೇ ಆಗುವುದಿಲ್ಲ ಅನ್ನುವ ಹಾಗಾಗುತ್ತದೆ ಅಲ್ವಾ? ಆದ್ದರಿಂದ ಹೊಸದಾಗಿ ತರಿಸುವ ಪುಸ್ತಕಕ್ಕೆ ನನ್ನದೊಂದು ಷರತ್ತು. ಅದರಲ್ಲಿನ ಮಗು ತನ್ನ ಜನಾಂಗದ ಪಾಠ ಹೇಳುತ್ತಾ ಕೂರಬಾರದು. ತುಂಟಾಟ ಮಾಡಬೇಕು, ಸುಳ್ಳು ಹೇಳಿ ಸಿಕ್ಕಿಬೀಳಬೇಕು.

ಮಕ್ಕಳ ಸಾಹಿತ್ಯದ ಅಮೆರಿಕನ್ ವಿದ್ವಾಂಸೆ ರುಡೀನ್ ಸಿಮ್ಸ್ ಬಿಷಪ್ 1990ರಲ್ಲಿ ಪುಸ್ತಕವನ್ನು ತನ್ನನ್ನು ಕಾಣುವ ಕನ್ನಡಿಗೂ ಬೇರೆಯವರ ಬದುಕು ಕಾಣುವ ಕಿಟಕಿಗೂ ಹೋಲಿಸಿದ್ದನ್ನು ಶಿಕ್ಷಕರು ತುಂಬಾ ಹೇಳುತ್ತಾರೆ. ಅದೇ ಬರಹದ ಇನ್ನೊಂದು ಮಾತು ಯಾಕೋ ಬಿಟ್ಟುಹೋಗುತ್ತದೆ. ಎಲ್ಲ ಪುಸ್ತಕದಲ್ಲೂ ತನ್ನನ್ನೇ ಕಂಡು ಬೆಳೆದ ಮಗುವಿಗೂ ನಷ್ಟವಿದೆ, ತಾನೇ ದೊಡ್ಡದು ಅನ್ನುವ ಭಾವನೆ ಅದಕ್ಕೆ ಬಂದುಬಿಡುತ್ತದೆ ಅಂತ ಅವರು ಬರೆದಿದ್ದಾರೆ. "ನಮ್ಮ ತರಗತಿಯಲ್ಲಿ ಎಲ್ಲರೂ ಒಂದೇ ಥರದವರು, ನಮಗ್ಯಾಕೆ ಇವೆಲ್ಲ?" ಅನ್ನುವವರಿಗೆ ನಾನು ಕೊಡುವ ಉತ್ತರ ಇದೇ.

ಬುಟ್ಟಿಗಳು

'ಜಗತ್ತಿನ ಮಕ್ಕಳು' ಅಂತ ಚೀಟಿ ಅಂಟಿಸಿದ ಬುಟ್ಟಿಯೊಂದು ಮೊದಲಿಂದಲೂ ಇತ್ತು. ಅದನ್ನು ತೆಗೆದೆ. ಅದರಲ್ಲಿದ್ದ ಪುಸ್ತಕಗಳು ಈಗ ನಗು, ಪತ್ತೇದಾರಿ, ಸ್ನೇಹ, ದೆವ್ವ ಅನ್ನುವ ಬುಟ್ಟಿಗಳಿಗೆ ಹಂಚಿಹೋಗಿವೆ. ಪತ್ತೇದಾರಿ ಬಿಟ್ಟು ಬೇರೇನೂ ಮುಟ್ಟದ ಹುಡುಗನೊಬ್ಬ ಅದರಲ್ಲೊಂದನ್ನು ಒಯ್ದು, ಮಾರನೇ ದಿನ ಗೆಳೆಯನ ಜೊತೆ ವಾದಕ್ಕಿಳಿದ. ಕಳ್ಳ ಯಾರು ಅಂತ ನಡುವೆಯೇ ಗೊತ್ತಾಗುತ್ತದೋ ಇಲ್ಲವೋ ಅನ್ನುವುದೇ ವಾದ. ಕಥೆ ಯಾವ ದೇಶದ್ದು ಅನ್ನುವ ಮಾತೇ ಬರಲಿಲ್ಲ. ನನಗೆ ಬೇಕಿದ್ದದ್ದೂ ಅಷ್ಟೇ.

ಎರಡು ಭಾಷೆಯಲ್ಲಿ ಅಚ್ಚಾದ ಪುಸ್ತಕಗಳನ್ನು ಮಾತ್ರ ಮುಖಪುಟ ಕಾಣುವಂತೆ ನಿಲ್ಲಿಸಿದ್ದೇನೆ. ಮಾತು ಕಡಿಮೆಯ ಹುಡುಗಿಯೊಬ್ಬಳು ತನ್ನ ಮನೆಮಾತಿನ ಸಾಲನ್ನು ಬೆರಳಿಟ್ಟು ಓದಿದಳು. ಪಕ್ಕದವರು ಇನ್ನೊಮ್ಮೆ ಓದು ಅಂದರು. ಆಮೇಲೆ ಅವಳೇ ಅವರ ಉಚ್ಚಾರಣೆ ತಿದ್ದತೊಡಗಿದಳು, ಸ್ವಲ್ಪ ಜೋರಾಗಿಯೇ.

ಬಾಕಿ

ದುಡ್ಡು ಕಡಿಮೆ. ಮಕ್ಕಳ ಪುಸ್ತಕ ಪ್ರಕಾಶಕರಾದ ಪ್ರಥಮ್ ಬುಕ್ಸ್ 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್ ಜಾಲತಾಣದಲ್ಲಿ ಹಲವು ಭಾಷೆಯ ಕಥೆಗಳು ಮುಕ್ತ ಪರವಾನಗಿಯಲ್ಲಿವೆ, ಪ್ರಿಂಟ್ ತೆಗೆಯಬಹುದು. ಪಿನ್ ಹೊಡೆದ ಕಡೆ ಟೇಪ್ ಅಂಟಿಸದಿದ್ದರೆ ಬೇಗ ಹರಿಯುತ್ತದೆ. ಒಂದಿಡೀ ಜನಾಂಗಕ್ಕೆ ಒಂದೇ ಮುಖ ಬರೆದ ಕೆಲವು ಹಳೆಯ ಪುಸ್ತಕಗಳು ಪಕ್ಕಕ್ಕೆ ಹೋಗಿವೆ. ಅದರಲ್ಲೊಂದರ ಕಥೆ ನಿಜಕ್ಕೂ ಚೆನ್ನಾಗಿದೆ, ಏನು ಮಾಡುವುದೋ ಇನ್ನೂ ತೀರ್ಮಾನಿಸಿಲ್ಲ.

ಮುಂದಿನ ಸರದಿ ವಿಜ್ಞಾನದ ಪುಸ್ತಕಗಳದ್ದು. ಚಿತ್ರಗಳಲ್ಲಿ ಪ್ರಯೋಗ ಮಾಡುವವರು ಯಾರು, ಪಕ್ಕದಲ್ಲಿ ನಿಂತು ನೋಡುವವರು ಯಾರು ಅಂತ ಗುರುತು ಹಾಕಲು ಶುರು ಮಾಡಬೇಕು.